ಸೊಪ್ಪಿನ ಸಾರ, ಪ್ಲೇಟು, ಝೋನು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ಕೂತು, ಗಿಡಗಳ ಸಾರಕ್ಕೆ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಜಗ್ಗುತ್ತವಾ ಇಲ್ಲವಾ ಎಂದು ನೋಡುವ ಕೆಲಸ ನನ್ನದು. ಪ್ರಾಜೆಕ್ಟ್ ಮಾಡುವ ಮಕ್ಕಳು ಬರುತ್ತಾರೆ, ನಾಟಿ ವೈದ್ಯರು ಬರುತ್ತಾರೆ, ಮಳೆಗಾಲ ಹತ್ತಿರ ಬಂತೆಂದರೆ ಅಡಿಕೆ ತೋಟದವರೂ ಬರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಗಿಡದ ಸಾರ ಪರೀಕ್ಷೆ ಮಾಡುವುದು ಅಂದರೆ ಏನು ಮಾಡುತ್ತೀರಿ?

ಗಾಜಿನ ಪ್ಲೇಟಿನಲ್ಲಿ ಅಗರ್ ಎಂಬ ಜೆಲ್ಲಿಯಂಥ ಪದಾರ್ಥ ಹೊಯ್ದು ಗಟ್ಟಿ ಮಾಡುತ್ತೇವೆ. ಅದರ ಮೇಲೆ ಬ್ಯಾಕ್ಟೀರಿಯಾವನ್ನು ತೆಳ್ಳಗೆ, ಎಲ್ಲ ಕಡೆ ಒಂದೇ ಸಮ ಹಚ್ಚುತ್ತೇವೆ. ಆಮೇಲೆ ಸಾರ ಹೀರಿಸಿದ 6 ಮಿ.ಮೀ. ಅಗಲದ ಕಾಗದದ ಬಿಲ್ಲೆ ಇಡುತ್ತೇವೆ. ಇಲ್ಲವೇ ಅಗರ್‌ನಲ್ಲಿ ಸಣ್ಣ ಕುಳಿ ತೋಡಿ ಸಾರ ತುಂಬುತ್ತೇವೆ. ಬೆಳಗಾಗುವಷ್ಟರಲ್ಲಿ ಪ್ಲೇಟು ಇಬ್ಬನಿ ಕೂತ ಕಿಟಕಿ ಗಾಜಿನ ಹಾಗೆ ಮಸುಕಾಗಿರುತ್ತದೆ. ಆ ಮಸುಕೇ ಬ್ಯಾಕ್ಟೀರಿಯಾ. ಸಾರದಲ್ಲಿ ಶಕ್ತಿ ಇದ್ದರೆ ಬಿಲ್ಲೆಯ ಸುತ್ತ ತಿಳಿಯಾದ ಒಂದು ಉಂಗುರ ಉಳಿಯುತ್ತದೆ. ಅದೇ ಝೋನ್.

ಬಿಲ್ಲೆ ಇಡುವ ಈ ವಿಧಾನಕ್ಕೆ ಕಿರ್ಬಿ-ಬಾವರ್ ಎಂದು ಹೆಸರು. 1966ರಲ್ಲಿ ಆಂಟಿಬಯೋಟಿಕ್‌ಗಳಿಗಾಗಿ ಅದನ್ನು ಒಂದು ಕ್ರಮಕ್ಕೆ ತಂದರು. ಆಂಟಿಬಯೋಟಿಕ್‌ಗಳಿಗಾಗಿ ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಗಿಡದ ಸಾರಕ್ಕೆ ಅದನ್ನು ನಾವು ಎರವಲು ತಂದಿದ್ದೇವೆ. ಮುಂದಿನ ಅರ್ಧ ತಕರಾರು ಅಲ್ಲಿಂದಲೇ ಶುರು.

ಯಾವ ಗಿಡದಿಂದ ಶುರು ಮಾಡಲಿ?

ಮೊದಲ ಸಲಕ್ಕೆ ಲವಂಗ. ಕಾಡಿಗೆ ಹೋಗುವುದು ಬೇಡ, ಅಡುಗೆಮನೆ ಡಬ್ಬಿಯಲ್ಲೇ ಇರುತ್ತದೆ. ಅದರ ಯೂಜೆನಾಲ್ ಬ್ಯಾಕ್ಟೀರಿಯಾವನ್ನೂ ಬೂಷ್ಟನ್ನೂ ತಡೆಯುತ್ತದೆ ಎಂಬುದು ಗೊತ್ತಿರುವ ವಿಷಯ. ಲವಂಗಕ್ಕೂ ಝೋನ್ ಬರಲಿಲ್ಲ ಎಂದರೆ ತಪ್ಪು ನಿಮ್ಮ ಕೈಯಲ್ಲಿದೆ. ಕೈ ಪಳಗಿದ ಮೇಲೆ ದೊಡ್ಡಪತ್ರೆ, ದಾಲ್ಚಿನ್ನಿ, ಮುರುಗಲು (ಕೋಕಂ) ಅಂತ ಮುಂದಕ್ಕೆ ಹೋಗಿ.

ಗಿಡದ ಹೆಸರು ಗೊತ್ತಿದೆ. ಅಷ್ಟು ಸಾಕಲ್ವಾ?

ಸಾಲದು. 'ಬ್ರಾಹ್ಮಿ ಸಾರ' ಎಂದು ಬರೆದುಕೊಂಡು ಬರುತ್ತಾರೆ. ಯಾವ ಬ್ರಾಹ್ಮಿ? ತಂಬುಳಿ ಮಾಡುವ ಒಂದೆಲಗವನ್ನೂ ಬ್ರಾಹ್ಮಿ ಅನ್ನುತ್ತಾರೆ, ಗದ್ದೆ ಅಂಚಿನ ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಅನ್ನುತ್ತಾರೆ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಹೂವು ಅಥವಾ ಕಾಯಿ ಇರುವ ಒಂದು ಟೊಂಗೆಯನ್ನು ಪೇಪರ್ ಮಧ್ಯೆ ಒತ್ತಿ ಒಣಗಿಸಿ, ದಿನಾಂಕ ಮತ್ತು ಜಾಗ ಬರೆದು, ಗಿಡ ಬಲ್ಲವರ ಹತ್ತಿರ ಗುರುತು ಹಿಡಿಸಿ ಇಟ್ಟುಕೊಳ್ಳಿ. ಶಿರಸಿಯಲ್ಲಿ ಅರಣ್ಯ ಕಾಲೇಜೇ ಇದೆ. ಗಿಡ ಗುರುತಿಸುವವರಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ.

ಕಾಡಿನಿಂದ ಸುಮ್ನೆ ಕಿತ್ತು ತರಬಹುದಾ?

ನಿಮ್ಮ ಹಿತ್ತಲು, ನಿಮ್ಮ ತೋಟ ಆದರೆ ಯಾರೂ ಕೇಳುವುದಿಲ್ಲ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಂತೂ ಎಲೆ ಮುಟ್ಟುವ ಮೊದಲೇ ಕೇಳಬೇಕು. ಸಾರದಿಂದ ಮುಂದೆ ವ್ಯಾಪಾರ ಮಾಡುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯೂ ಬರುತ್ತದೆ. ಇನ್ನೊಂದು ಮಾತು. ಪರೀಕ್ಷೆಗೆ ಎಲೆ ಸಾಕಾಗುತ್ತಿದ್ದರೆ ಬೇರು ಕೀಳಬೇಡಿ, ತೊಗಟೆ ಸುಲಿಯಬೇಡಿ. ಮರದರಿಶಿನದ ಬಳ್ಳಿ ಕಾಡಿನಲ್ಲಿ ಅಪರೂಪವಾಗಿರುವುದು ಅದರ ಹಳದಿ ಕಾಂಡಕ್ಕೆ ಎಲ್ಲರೂ ಕತ್ತಿ ಹಾಕಿದ್ದರಿಂದ.

ಮಳೆಗಾಲದಲ್ಲಿ ಸೊಪ್ಪು ಒಣಗುವುದೇ ಇಲ್ಲ. ಏನು ಮಾಡಲಿ?

ಘಟ್ಟದ ಮೇಲಿನವರೆಲ್ಲ ಕೇಳುವ ಪ್ರಶ್ನೆ ಇದು. ಪುಸ್ತಕದಲ್ಲಿ 'ನೆರಳಿನಲ್ಲಿ ಒಣಗಿಸಿ' ಎಂದಿರುತ್ತದೆ. ಆಷಾಢದಲ್ಲಿ ಇಲ್ಲಿ ನೆರಳು ಬಿಟ್ಟು ಬೇರೇನಿದೆ? ಮೂರನೇ ದಿನಕ್ಕೆ ಎಲೆಯ ಮೇಲೆ ಬಿಳಿ ಬೂಷ್ಟು ಬಂದಿರುತ್ತದೆ. ಆ ಎಲೆ ಅರೆದು ಪರೀಕ್ಷೆ ಮಾಡಿದರೆ ಗಿಡದ ಗುಣ ನೋಡಿದಿರೋ ಬೂಷ್ಟಿನ ಗುಣ ನೋಡಿದಿರೋ ಗೊತ್ತಾಗುವುದಿಲ್ಲ. ಆಂಟಿಬಯೋಟಿಕ್ ಮಾಡುವುದರಲ್ಲಿ ಬೂಷ್ಟುಗಳು ನಮಗಿಂತ ಹಳಬರು. 1928ರಲ್ಲಿ ಪೆನ್ಸಿಲಿನ್‌ನ ಫ್ಲೆಮಿಂಗ್ ಕಂಡಿದ್ದು ಅದನ್ನೇ ಅಲ್ವಾ.

ಒಮ್ಮೆ ಒಬ್ಬ ವಿದ್ಯಾರ್ಥಿನಿ ಏಳೆಂಟು ಬಗೆಯ ಸೊಪ್ಪು ತಂದಿದ್ದಳು. ಎಲ್ಲವೂ ಗರಿಗರಿ. ಪರೀಕ್ಷೆ ಮಾಡಿದರೆ ಎಲ್ಲದಕ್ಕೂ ಝೋನ್, ಹುಲ್ಲಿನಂಥ ಒಂದು ಕಳೆಗೂ ಝೋನ್. ನನಗೆ ಅನುಮಾನ ಬಂತು. ಪುಡಿಯ ಡಬ್ಬಿ ತೆರೆದು ಮೂಸಿದೆ. ಬಚ್ಚಲ ಒಲೆಯ ವಾಸನೆ. 'ಎಲ್ಲಿ ಒಣಗಿಸಿದೆ ಮಾರಾಯ್ತಿ?' ಅಂದರೆ, 'ಅಟ್ಟದ ಮೇಲೆ ಸರ್, ಅಜ್ಜಿ ಅಲ್ಲೇ ಇಡು ಅಂದ್ರು' ಅಂದಳು. ಹೊಗೆಯಲ್ಲಿ ಫೀನಾಲ್ ಜಾತಿಯ ವಸ್ತುಗಳಿರುತ್ತವೆ. ಅವೇ ಬ್ಯಾಕ್ಟೀರಿಯಾ ತಡೆಯುತ್ತವೆ. ಅಟ್ಟದ ಸಾಮಾನು ಕೆಡದೆ ಉಳಿಯುವುದರಲ್ಲಿ ಬಿಸಿಯ ಜೊತೆ ಈ ಹೊಗೆಯ ಪಾಲೂ ಇದೆ. ಅಜ್ಜಿಯ ಸಲಹೆ ಸಾಮಾನು ಉಳಿಸಲಿಕ್ಕೆ ಸರಿಯಾಗಿಯೇ ಇತ್ತು. ನಮ್ಮ ಪರೀಕ್ಷೆ ಮಾತ್ರ ಹಾಳಾಯಿತು.

ಹಾಗಾಗಿ 40 ಡಿಗ್ರಿಯ ಡ್ರೈಯರ್ ಬಳಸಿ. ಇಲ್ಲದಿದ್ದರೆ ಮಾಗಿ ಚಳಿ ಮುಗಿಯುವ ಹೊತ್ತಿಗೆ ಕೆಲಸ ಇಟ್ಟುಕೊಳ್ಳಿ. ದೊಡ್ಡಪತ್ರೆಯಂಥ ಘಮದ ಸೊಪ್ಪನ್ನಂತೂ ಒಣಗಿಸಲೇಬೇಡಿ. ಅದರ ಶಕ್ತಿ ಇರುವುದು ಕಾರ್ವಕ್ರಾಲ್, ಥೈಮಾಲ್‌ನಂಥ ಹಾರಿಹೋಗುವ ಎಣ್ಣೆಗಳಲ್ಲಿ. ಒಣಗಿದಷ್ಟೂ ಮೂಗಿಗೆ ಬರುತ್ತದೆ, ಪ್ಲೇಟಿಗೆ ಉಳಿಯುವುದಿಲ್ಲ. ಹಸಿಯಾಗಿಯೇ ಬಟ್ಟಿ ಇಳಿಸಿ.

ನಮ್ಮ ಮನೆಯಲ್ಲಿ ಕಷಾಯ ಕುದಿಸುತ್ತಾರೆ. ಲ್ಯಾಬಿನಲ್ಲಿ ಮೆಥನಾಲ್ ಯಾಕೆ?

ನೀರಿನಲ್ಲಿ ಕರಗುವುದು ನೀರಿಗೆ ಬರುತ್ತದೆ, ಎಣ್ಣೆಯಂಥದ್ದು ಬರುವುದಿಲ್ಲ. ಅದಕ್ಕೆ ಹೆಕ್ಸೇನ್, ಈಥೈಲ್ ಅಸಿಟೇಟ್, ಮೆಥನಾಲ್, ನೀರು ಎಂದು ಒಂದಾದ ಮೇಲೊಂದು ಹಾಕಿ ಗಿಡದೊಳಗಿನದ್ದನ್ನು ಪಾಲು ಮಾಡಿ ತೆಗೆಯುತ್ತೇವೆ. ವೈದ್ಯರು ಕೊಡುವ ಕಷಾಯದ ಗುಣವನ್ನೇ ನೋಡಬೇಕಿದ್ದರೆ ಕಷಾಯವನ್ನೇ ಪರೀಕ್ಷಿಸಿ. ಮೆಥನಾಲ್ ಸಾರಕ್ಕೆ ಝೋನ್ ಬಂತು ಎಂದು ಕಷಾಯಕ್ಕೆ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ. ಎರಡೂ ಬೇರೆ ಪದಾರ್ಥ.

ಬಿಸಿಯ ವಿಷಯದಲ್ಲಿ ಹುಷಾರು. ಬೆಳ್ಳುಳ್ಳಿಯಲ್ಲಿ ಅಲಿಸಿನ್ ಮೊದಲೇ ಇರುವುದಿಲ್ಲ. ಜಜ್ಜಿದಾಗ ಒಂದು ಕಿಣ್ವದಿಂದ ಹುಟ್ಟುತ್ತದೆ. ಇಡೀ ಎಸಳನ್ನು ಕುದಿಸಿದರೆ ಕಿಣ್ವವೇ ಸಾಯುತ್ತದೆ, ಆಮೇಲೆ ಎಷ್ಟು ಜಜ್ಜಿದರೂ ಅಷ್ಟೇ. ಚೀನಾದ ವಿಜ್ಞಾನಿ ತು ಯೂಯೂ ಅವರಿಗೂ ಇಂಥದ್ದೇ ತೊಡಕು ಬಂದಿತ್ತು. ಬಿಸಿಯಲ್ಲಿ ತೆಗೆದ ಸಾರ ಮಲೇರಿಯಾಕ್ಕೆ ಸರಿಯಾಗಿ ಕೆಲಸ ಮಾಡಲಿಲ್ಲ. ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ತೆಗೆದದ್ದು ಮಾಡಿತು. ಆ ಕೆಲಸಕ್ಕೆ 2015ರಲ್ಲಿ ನೊಬೆಲ್ ಬಂತು.

ಮೆಥನಾಲ್ ಪೂರ್ತಿ ಹಾರಿಸಿದ ಮೇಲೇ ಬಿಲ್ಲೆ ಇಡಬೇಕು. ಒಣ ಸಾರವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದರೆ, ಝೋನ್ ಸಾರದ್ದೋ ದ್ರಾವಕದ್ದೋ ತಿಳಿಯಲು ಬರೀ ಡಿಎಂಎಸ್‌ಒ ಹಾಕಿದ ಇನ್ನೊಂದು ಬಿಲ್ಲೆ ಅದೇ ಪ್ಲೇಟಿನಲ್ಲಿರಬೇಕು. ಅದಿಲ್ಲದ ಪ್ಲೇಟನ್ನು ನಾನು ನೋಡುವುದೂ ಇಲ್ಲ.

ಬ್ಯಾಕ್ಟೀರಿಯಾ ಎಲ್ಲಿಂದ ತರುತ್ತೀರಿ? ಗಾಯದಿಂದ ತೆಗೆದರೆ ಆಗುತ್ತಾ?

ಬೇಡವೇ ಬೇಡ. ಚಂಡೀಗಡದಲ್ಲಿ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹವಿದೆ. ಸಂಸ್ಥೆಯ ಮೂಲಕ ಬರೆದರೆ ನಂಬರ್ ಇರುವ ಕಲ್ಚರ್ ಕಳಿಸುತ್ತಾರೆ. ಸ್ಟೆಫೈಲೋಕಾಕಸ್ ಆರಿಯಸ್, ಇ. ಕೋಲಿ, ಸ್ಯೂಡೋಮೊನಾಸ್, ಮತ್ತೆ ಕ್ಯಾಂಡಿಡಾ ಎಂಬ ಯೀಸ್ಟ್ ಇದ್ದರೆ ಆರಂಭಕ್ಕೆ ಸಾಕು.

ಮೊದಲನೆಯದು ಗ್ರಾಂ ಪಾಸಿಟಿವ್, ಅಂದರೆ ಗ್ರಾಂ ಎಂಬ ಬಣ್ಣದ ಪರೀಕ್ಷೆಯಲ್ಲಿ ಬಣ್ಣ ಹಿಡಿದಿಟ್ಟುಕೊಳ್ಳುವ ಗುಂಪು. ನಂತರದ ಎರಡು ಗ್ರಾಂ ನೆಗೆಟಿವ್, ಅವಕ್ಕೆ ಮೈಮೇಲೆ ಇನ್ನೊಂದು ಹೊದಿಕೆ ಇದೆ. ಕಂಬಳಿಕೊಪ್ಪೆ ಹಾಕಿಕೊಂಡವನ ಮೈಗೆ ಮಳೆ ತಾಗದ ಹಾಗೆ ಗಿಡದ ಎಷ್ಟೋ ವಸ್ತುಗಳು ಅದರೊಳಗೆ ಇಳಿಯುವುದಿಲ್ಲ. 'ಆರಿಯಸ್‌ಗೆ ಬಂತು, ಇ. ಕೋಲಿಗೆ ಬರಲಿಲ್ಲ' ಎಂದು ಮುಖ ಸಣ್ಣ ಮಾಡಿಕೊಳ್ಳಬೇಡಿ. ಹಾಗೆ ಬರುವುದೇ ಜಾಸ್ತಿ.

ಪ್ಲೇಟ್ ಹಾಕುವಾಗ ಎಲ್ಲಿ ತಪ್ಪುತ್ತದೆ?

ಮೂರು ಕಡೆ. ಒಂದು, ಬ್ಯಾಕ್ಟೀರಿಯಾ ಎಷ್ಟು ಹಚ್ಚಿದಿರಿ ಎಂಬುದು. ತೆಳ್ಳಗಾದರೆ ಝೋನ್ ಸುಮ್ಮನೆ ದೊಡ್ಡದಾಗುತ್ತದೆ. ಅದಕ್ಕೇ 0.5 ಮ್ಯಾಕ್‌ಫರ್ಲೆಂಡ್ ಎಂಬ ಅಳತೆ. ಬೇರಿಯಂ ಕ್ಲೋರೈಡು ಮತ್ತು ಗಂಧಕಾಮ್ಲ ಸೇರಿಸಿ ಮಾಡಿದ ಒಂದು ಮಸುಕು ನೀರು ಅದು. ಕಪ್ಪು ಗೆರೆ ಎಳೆದ ಬಿಳಿ ಕಾರ್ಡಿನ ಮುಂದೆ ಎರಡೂ ಟ್ಯೂಬ್ ಹಿಡಿಯಿರಿ. ಗೆರೆ ಎರಡರಲ್ಲೂ ಒಂದೇ ಥರ ಮಸುಕಾಗಿ ಕಂಡರೆ ನಿಮ್ಮದು ಸರಿ ಇದೆ, ಮಿ.ಲೀ.ಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಾ ಇದೆ ಎಂದರ್ಥ. ಎರಡು, ಅಗರ್ ದಪ್ಪ. 4 ಮಿ.ಮೀ. ಇರಬೇಕು. ಓರೆ ಮೇಜಿನ ಮೇಲೆ ಹೊಯ್ದರೆ ಒಂದು ಬದಿ ದಪ್ಪ, ಒಂದು ಬದಿ ತೆಳು. ಝೋನ್ ಮೊಟ್ಟೆಯಾಕಾರಕ್ಕೆ ಬರುತ್ತದೆ.

ಮೂರನೆಯದು ಕುಳಿಯ ತಳ. ಕುಳಿ ತೋಡುವಾಗ ಅಗರ್ ಸ್ವಲ್ಪ ಎದ್ದರೆ ಸಾರ ಅಡಿಯಿಂದ ಹರಿದು ಹೋಗುತ್ತದೆ, ಮಣ್ಣಿನ ಒಡ್ಡಿನ ಬುಡದಲ್ಲಿ ನೀರು ಜಿನುಗಿದ ಹಾಗೆ. ಒಂದು ಹನಿ ಕರಗಿದ ಅಗರ್ ಬಿಟ್ಟು ತಳ ಮುಚ್ಚಿ.

ಕರೆಂಟಿನ ಮಾತು ಬೇರೆ ಹೇಳಬೇಕಾ? ಇನ್‌ಕ್ಯುಬೇಟರ್ 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಓಡಬೇಕು. ಮರ ಬಿದ್ದು ರಾತ್ರಿಯಿಡೀ ಲೈನ್ ಹೋದರೆ ಆ ಪ್ಲೇಟ್ ಲೆಕ್ಕಕ್ಕಿಲ್ಲ.

ಮುರುಗಲಿಗೆ ಎಷ್ಟು ದೊಡ್ಡ ಝೋನ್ ಬಂತು ಗೊತ್ತಾ? ಪೇಪರ್ ಬರೆಯಬಹುದಲ್ವಾ?

ಸ್ವಲ್ಪ ತಡೆಯಿರಿ. ಈ ಗುಂಡಿಗೆ ನಾನೂ ಬಿದ್ದಿದ್ದೇನೆ.

ಶುರುವಿನ ವರ್ಷಗಳಲ್ಲಿ ಮುರುಗಲು ಸಿಪ್ಪೆಯ ನೀರಿನ ಸಾರ ಹಾಕಿದ್ದೆ. ಬೆಳಿಗ್ಗೆ ಇನ್‌ಕ್ಯುಬೇಟರ್ ತೆರೆದರೆ ಕಣ್ಣು ಕುಕ್ಕುವಂಥ ಝೋನ್. ಇ. ಕೋಲಿಗೂ ಬಂದಿತ್ತು. ಅವತ್ತು ಮಧ್ಯಾಹ್ನ ಎಲ್ಲರಿಗೂ ಚಹಾ, ಮಿರ್ಚಿ ನನ್ನ ಲೆಕ್ಕದಲ್ಲಿ. ಸಂಜೆ ಹಿರಿಯರೊಬ್ಬರು ಪ್ಲೇಟ್ ನೋಡಿ ಒಂದೇ ಮಾತು ಕೇಳಿದರು: 'ಪಿಎಚ್ ಎಷ್ಟಿತ್ತು?' ನಾನು ನೋಡಿರಲಿಲ್ಲ. ಮುರುಗಲು ಹುಳಿ ಎಂದು ಹುಟ್ಟಿದಾಗಿಂದ ಗೊತ್ತಿದ್ದವನಿಗೆ ಲ್ಯಾಬಿನಲ್ಲಿ ಅದು ನೆನಪಾಗಲಿಲ್ಲ!

ಮರುದಿನ ಸಾರಕ್ಕೆ ಹನಿ ಹನಿಯಾಗಿ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ಪಿಎಚ್ 7ಕ್ಕೆ, ಅಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಮಟ್ಟಕ್ಕೆ ತಂದೆ. ಆ ಚೆಂದದ ಕೆಂಪು ಬಣ್ಣ ಹೋಗಿ ಮಾಸಲು ನೀಲಿಯಾಯಿತು. ಪ್ಲೇಟ್ ಹಾಕಿದೆ. ಕುಳಿಯ ಅಂಚಿಗೆ ಉಗುರಿನ ಗೆರೆಯಷ್ಟು ಝೋನ್ ಉಳಿದಿತ್ತು, ಅಷ್ಟೇ. ಪಕ್ಕದಲ್ಲಿ ಅಷ್ಟೇ ಹುಳಿಯ ಸಿಟ್ರಿಕ್ ಆಮ್ಲದ ನೀರು ಇಟ್ಟಿದ್ದೆ. ಅದಕ್ಕೆ ನಿನ್ನೆಯಂಥದ್ದೇ ದೊಡ್ಡ ಝೋನ್. ನಾನು ಅಳೆದದ್ದು ಹುಳಿಯನ್ನು.

ಹಾಗೆಂದು ಮುರುಗಲು ದಂಡ ಅಂತಲ್ಲ. ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ವಸ್ತು ಇದೆ, ಅದಕ್ಕೆ ಬ್ಯಾಕ್ಟೀರಿಯಾ ತಡೆಯುವ ಗುಣವೂ ಇದೆ. ಆದರೆ ಅದು ನೀರಿಗೆ ಸರಿಯಾಗಿ ಬರುವುದಿಲ್ಲ, ಬೇರೆ ದ್ರಾವಕ ಬೇಕು. ಉಪ್ಪಾಗೆ, ವಾಟೆ, ಬಿಂಬುಳಿ, ಅಮಟೆ, ಹುಣಸೆ, ಇವೆಲ್ಲಕ್ಕೂ ಮೊದಲು ಪಿಎಚ್ ನೋಡಿ. ಪೇಟೆಯಿಂದ ತಂದ ಒಣ ಸಿಪ್ಪೆಯಾದರೆ ಉಪ್ಪು ಹಾಕಿದ್ದಾರಾ ಎಂದೂ ಕೇಳಿಕೊಳ್ಳಿ.

ನಮ್ಮ ಸಾರದ ಝೋನ್ ಸಿಪ್ರೋಫ್ಲಾಕ್ಸಾಸಿನ್ ಆಂಟಿಬಯೋಟಿಕ್‌ಗಿಂತ ದೊಡ್ಡದು. ಅಂದರೆ ನಮ್ಮದೇ ಮೇಲು ತಾನೆ?

ಲೆಕ್ಕ ಹಾಕೋಣ. ನೀವು ಮಿ.ಲೀ.ಗೆ 100 ಮಿ.ಗ್ರಾಂ ಸಾರ ಕರಗಿಸಿದ್ದೀರಿ. ಬಿಲ್ಲೆಗೆ 10 ಮೈಕ್ರೋಲೀಟರ್ ಹಾಕಿದಿರಿ. ಅಂದರೆ ಬಿಲ್ಲೆಯ ಮೇಲೆ 1 ಮಿ.ಗ್ರಾಂ ಸಾರ ಇದೆ. ಸಿಪ್ರೋ ಬಿಲ್ಲೆಯಲ್ಲಿರುವುದು 5 ಮೈಕ್ರೋಗ್ರಾಂ. ನಿಮ್ಮದು 200 ಪಟ್ಟು ಜಾಸ್ತಿ. ಇಬ್ಬರಿಗೂ ಹಗ್ಗಜಗ್ಗಾಟ ಇಟ್ಟು ನಿಮ್ಮ ಕಡೆ 200 ಜನ ನಿಲ್ಲಿಸಿದ ಹಾಗಾಯಿತು. ಆಂಟಿಬಯೋಟಿಕ್ ಬಿಲ್ಲೆ ಇಡುವುದು ಪ್ಲೇಟು, ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಯುವ ಆಹಾರ), ಕಲ್ಚರ್ ನೆಟ್ಟಗಿವೆಯಾ ಎಂದು ತಿಳಿಯಲು. ಉದಾಹರಣೆಗೆ ಆರಿಯಸ್‌ನ ಎಟಿಸಿಸಿ 25923 ತಳಿಗೆ ಸಿಪ್ರೋ ಝೋನ್ 22ರಿಂದ 30 ಮಿ.ಮೀ. ಒಳಗೆ ಬರಬೇಕು. ಆ ಅಳತೆಯಿಂದ ಹೊರಗೆ ಹೋದರೆ ಆ ದಿನದ ಎಲ್ಲ ಪ್ಲೇಟನ್ನೂ ಬಿಟ್ಟುಬಿಡಿ.

ಝೋನ್ ಬರಲೇ ಇಲ್ಲ. ಹಿರಿಯರು ಹೇಳಿದ್ದು ಸುಳ್ಳಾ?

ಇರಲಿಕ್ಕಿಲ್ಲ. ಝೋನ್ ಬರಬೇಕಾದರೆ ವಸ್ತು ಅಗರ್‌ನಲ್ಲಿ ಹರಡಬೇಕು. ಎಣ್ಣೆಯಂಥದ್ದು, ಗಾತ್ರ ದೊಡ್ಡದಿರುವಂಥದ್ದು ಬಿಲ್ಲೆ ಬಿಟ್ಟು ಕದಲುವುದಿಲ್ಲ. ಅರಿಶಿನದ ಕರ್ಕ್ಯುಮಿನ್ ಹಾಗೆಯೇ, ನೀರಿನ ಜೊತೆ ಸೇರುವುದೇ ಕಷ್ಟ. ಇನ್ನೊಂದು ಕಾರಣವೂ ಇದೆ. ವೈದ್ಯರು ಆ ಗಿಡವನ್ನು ಬಾವು ಇಳಿಸಲು, ನೋವಿಗೆ, ಗಾಯ ಬೇಗ ಕೂಡಲು ಕೊಡುತ್ತಿರಬಹುದು. ಆ ಗುಣ ಪ್ಲೇಟಿನಲ್ಲಿ ಕಾಣುವುದಿಲ್ಲ. ಹಾಲಕ್ಕಿಯವರು, ಸಿದ್ದಿಯವರು ಒಂದು ಸೊಪ್ಪನ್ನು ಯಾಕೆ, ಯಾವಾಗ, ಹೇಗೆ ಹಚ್ಚುತ್ತಾರೆ ಎಂದು ಮೊದಲು ಕೂತು ಕೇಳಬೇಕು. ಕೇಳದೆ ಎಲೆ ಮಾತ್ರ ಕಿತ್ತು ತಂದವರೇ 'ಏನೂ ಇಲ್ಲ' ಎಂದು ಬರೆಯುವುದು.

ಎಂಐಸಿ ಅಂದರೇನು? ಅದು ಬೇಕೇ ಬೇಕಾ?

ಬೇಕು. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಸಾರ ಬೇಕು ಎನ್ನುವ ಅಳತೆ ಅದು. 96 ಕುಳಿಯ ತಟ್ಟೆಯಲ್ಲಿ ಸಾರವನ್ನು ಅರ್ಧಕ್ಕೆ ಅರ್ಧ ಮಾಡುತ್ತ ಹೋಗುತ್ತೇವೆ. ಕೊನೆಗೆ ರೆಸಜುರಿನ್ ಎಂಬ ನೀಲಿ ಬಣ್ಣ ಹಾಕಿದರೆ, ಜೀವ ಇರುವ ಕುಳಿ ಗುಲಾಬಿಯಾಗುತ್ತದೆ, ಇಲ್ಲದ್ದು ನೀಲಿಯಾಗಿಯೇ ಉಳಿಯುತ್ತದೆ. ಕಚ್ಚಾ ಸಾರವೊಂದು ಮಿ.ಲೀ.ಗೆ 100 ಮೈಕ್ರೋಗ್ರಾಂ ಒಳಗೆ ಕೆಲಸ ಮಾಡಿದರೆ ಚೆನ್ನಾಗಿದೆ ಎನ್ನುವುದು ಸಾಮಾನ್ಯ ವಾಡಿಕೆ. 1000 ದಾಟಿತೋ, ಹೆಚ್ಚು ಆಸೆ ಇಡಬೇಡಿ. ಎರಡು ಸಾರಗಳನ್ನು ಹೋಲಿಸುವುದಿದ್ದರೆ ಝೋನ್ ಬೇಡ, ಇದನ್ನೇ ಹೋಲಿಸಿ.

ಬೂಷ್ಟಿಗೂ ಇದೇ ವಿಧಾನವಾ?

ಕ್ಯಾಂಡಿಡಾದಂಥ ಯೀಸ್ಟಿಗೆ ನಡೆಯುತ್ತದೆ. ದಾರ ಬಿಟ್ಟು ಬೆಳೆಯುವ ಬೂಷ್ಟಿಗೆ ಸಾರವನ್ನು ಮೀಡಿಯಾದಲ್ಲೇ ಬೆರೆಸುತ್ತೇವೆ. ಮಧ್ಯದಲ್ಲಿ ಬೂಷ್ಟಿನ ಒಂದು ತುಣುಕು ಇಟ್ಟು ಐದಾರು ದಿನ ಬಿಟ್ಟು, ಅದು ಎಷ್ಟು ಅಗಲ ಹರಡಿತು ಎಂದು ಸಾರ ಇಲ್ಲದ ಪ್ಲೇಟಿನ ಜೊತೆ ಹೋಲಿಸುತ್ತೇವೆ. ಅಲ್ಲಿ 80 ಮಿ.ಮೀ., ಇಲ್ಲಿ 20 ಮಿ.ಮೀ. ಎಂದಾದರೆ ಶೇ. 75 ತಡೆ.

ಅಡಿಕೆ ಕೊಳೆಗೆ ಸೊಪ್ಪಿನ ಮದ್ದು ಸಿಗುತ್ತಾ?

ಆಷಾಢದಲ್ಲಿ ಫೋನ್ ಎತ್ತಿದರೆ ಇದೇ. ಕೊಳೆ ರೋಗ ತರುವ ಫೈಟಾಫ್ತೊರಾ ನೋಡಲು ಬೂಷ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರ ಅಲ್ಲ. ನೆಂಟಸ್ತಿಕೆಯಲ್ಲಿ ಕಡಲಿನ ಕಂದು ಪಾಚಿಗೆ ಹತ್ತಿರ. ಶಿಲೀಂಧ್ರಗಳ ಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಅನ್ನು ಅದು ತಯಾರಿಸುವುದಿಲ್ಲ. ಫ್ಲುಕೊನಜೋಲ್‌ನಂಥ ಶಿಲೀಂಧ್ರದ ಔಷಧಿಗಳು ಹೊಡೆಯುವುದು ಅದೇ ಜಾಗಕ್ಕೆ. ಹಾಗಾಗಿ ಆಸ್ಪರ್ಜಿಲಸ್ ಎಂಬ ನಿಜವಾದ ಬೂಷ್ಟಿನ ಮೇಲೆ ಗೆದ್ದ ಸಾರ ಕೊಳೆಗೂ ಆಗುತ್ತದೆ ಎನ್ನಲು ಬರುವುದಿಲ್ಲ. ಫೈಟಾಫ್ತೊರಾ ಮೇಲೆಯೇ ಹಾಕಿ ನೋಡಬೇಕು, ಪಕ್ಕದಲ್ಲಿ ಹೋಲಿಕೆಗೆ ತಾಮ್ರ ಇಡಬೇಕು.

ಪ್ಲೇಟಿನಲ್ಲಿ ಗೆದ್ದರೂ ಮಳೆ ಇದೆಯಲ್ಲ. ಕೊಳೆಗೆ ಹೊಡೆಯುವ ತಾಮ್ರದ ಮದ್ದು, ಬೋರ್ಡೋ ದ್ರಾವಣ, ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1885ರ ಹೊತ್ತಿಗೆ ಬಂದದ್ದು. ಮೈಸೂರು ಸೀಮೆಯಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆ ರೋಗದ ಬೆನ್ನು ಹತ್ತಿ ಅದನ್ನು ಅಡಿಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಅದು ಇವತ್ತಿಗೂ ಉಳಿದಿರುವುದು ಅಡಿಕೆ ಗೊನೆಗೆ ಅಂಟಿಕೊಂಡು ಕೂರುತ್ತದೆ ಎಂಬ ಕಾರಣಕ್ಕೆ. ನಿಮ್ಮ ಸೊಪ್ಪಿನ ಸಾರ ಮರ ಹತ್ತಿದವನು ಇಳಿಯುವಷ್ಟರಲ್ಲಿ ತೊಳೆದು ಹೋಗಿರುತ್ತದೆ. ಪರೀಕ್ಷೆ ಮಾಡೋಣ, ನನಗೂ ಆಸೆ ಇದೆ. ಆದರೆ ಈ ವರ್ಷದ ಫಸಲನ್ನು ಅದರ ಮೇಲೆ ಪಣಕ್ಕಿಡಬೇಡಿ.

ಕಾರವಾರದ ಕಡಲ ಪಾಚಿ, ಅಘನಾಶಿನಿಯ ಕಾಂಡ್ಲ (ಮ್ಯಾಂಗ್ರೋವ್) ಗಿಡ ಪರೀಕ್ಷಿಸಬಹುದಾ?

ಖಂಡಿತ. ಎರಡು ಎಚ್ಚರಿಕೆ. ಪಾಚಿಯ ನೀರಿನ ಸಾರದಲ್ಲಿ ಉಪ್ಪಿರುತ್ತದೆ. ಆರಿಯಸ್ ಉಪ್ಪಿಗೆ ಹೆದರುವುದಿಲ್ಲ, ಇ. ಕೋಲಿ ಹೆದರುತ್ತದೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಿ. ಕಾಂಡ್ಲದ ತೊಗಟೆಯಲ್ಲಿ ಚೊಗರು ಜಾಸ್ತಿ. ಈ ಟ್ಯಾನಿನ್ ಸಿಕ್ಕಿದ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ, ಹಾಗಾಗಿ ಎಲ್ಲ ಪರೀಕ್ಷೆಯಲ್ಲೂ ಪಾಸಾದ ಹಾಗೆ ಕಾಣುತ್ತದೆ. ಅಂದಹಾಗೆ, ನೀವು ಪ್ಲೇಟಿಗೆ ಹೊಯ್ಯುವ ಅಗರ್ ಕೂಡ ಕಡಲ ಪಾಚಿಯದ್ದೇ.

ಮನೆಯಲ್ಲಿ ಮಾಡಬಹುದಾ?

ಬೇಕರಿ ಯೀಸ್ಟ್ ಮೇಲೆ ಮಾಡಿ. 200 ಗ್ರಾಂ ಬಟಾಟೆ ಬೇಯಿಸಿ ಸೋಸಿದ ನೀರು, 20 ಗ್ರಾಂ ಗ್ಲೂಕೋಸ್, 20 ಗ್ರಾಂ ಅಗರ್, ಒಟ್ಟು ಒಂದು ಲೀಟರ್. ಕುಕ್ಕರಿನಲ್ಲಿ ಪೂರ್ತಿ ಪ್ರೆಶರ್ ಬಂದ ಮೇಲೆ 20 ನಿಮಿಷ. ಶೌಚಾಲಯ, ಗಾಯ, ಮೂಗು, ಚರಂಡಿ ಇವುಗಳಿಂದ ಏನನ್ನೂ ಬೆಳೆಸಬೇಡಿ. ಕೆಲಸ ಮುಗಿದ ಪ್ಲೇಟನ್ನು ತೆರೆಯದೆ ಮತ್ತೆ ಕುಕ್ಕರಿಗೆ ಹಾಕಿ, ಆಮೇಲೆ ಎಸೆಯಿರಿ. ಆ ಕುಕ್ಕರಿನಲ್ಲಿ ಮತ್ತೆ ಅನ್ನ ಮಾಡಬೇಡಿ.

ಝೋನ್ ಬಂದ ಸಾರವನ್ನು ಕುಡಿಯಬಹುದಾ?

ಫಿನಾಯಿಲ್‌ಗೂ ಝೋನ್ ಬರುತ್ತದೆ.

ನಾವು ಸೊಪ್ಪು ತಂದುಕೊಟ್ಟರೆ ನೋಡಿಕೊಡುತ್ತೀರಾ?

ತನ್ನಿ. ಹಸಿಯಾಗಿರಲಿ, ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬೆವರಿ ಕೊಳೆಯುತ್ತದೆ. ಹೂವಿರುವ ಒಂದು ಟೊಂಗೆ ಬೇರೆಯಾಗಿ ಇರಲಿ. ಎಲ್ಲಿ ಕಿತ್ತಿದ್ದು, ಯಾವತ್ತು, ಮನೆಯಲ್ಲಿ ಯಾವುದಕ್ಕೆ ಬಳಸುತ್ತೀರಿ ಎಂದು ಚೀಟಿ ಬರೆಯಿರಿ. ಒಂದು ಸಾರಕ್ಕೆ ಮೂರು ಪ್ಲೇಟು, ಅದನ್ನೇ ಮೂರು ಬೇರೆ ದಿನ ಮಾಡುತ್ತೇವೆ. ಹಾಗಾಗಿ ನಾಳೆಯೇ ಉತ್ತರ ಕೇಳಬೇಡಿ. ಅಟ್ಟದಲ್ಲಿ ಒಣಗಿಸಿದ್ದು ಮಾತ್ರ ಬೇಡ.